ನೀರಿನ ಮಾಸ್ತರರ ಪೇಟಿ

ರಾಜಾಸಾಬ ಪೇಟಿಯ ಮೇಲಿನ ಹಲಗೆಯ ಮೂರನೆಯ ಸ್ಕ್ರೂ ಬಿಚ್ಚಿ ಅದನ್ನು ತನ್ನ ಟೋಪಿಯೊಳಗೆ ಹಾಕಿದ. ಮೊದಲಿನ ಎರಡೂ ಅಲ್ಲೇ ಇದ್ದವು. ಅಂಗಳದ ತುಂಬ ಜನ. ಕೆಳಗೆ ಬಿದ್ದರೆ ಮತ್ತೆ ಸಿಗುವಂತಿರಲಿಲ್ಲ.

ಹತ್ತು ಹೆಜ್ಜೆ ಆಚೆ ಚಾಪೆಯ ಮೇಲೆ ಅಂಬ್ರಪ್ಪ ಮಲಗಿದ್ದರು. ರಂಗಂಪೇಟೆಗೆ ಮೂವತ್ತಾರು ವರ್ಷ ನೀರು ಬಿಟ್ಟವರು. ದಿನಾ ಸಂಜೆ ಊರಿನ ನೀರಿನ ಟಾಕಿ ತುಂಬುವವರೆಗೆ ಸಿಗುತ್ತಿದ್ದ ಒಂದೂವರೆ ತಾಸಿನಲ್ಲಿ, ವಾಲ್ವಿನ ಪಕ್ಕದ ಕಟ್ಟೆಯ ಮೇಲೆ ಈ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಬಂದ ಮಕ್ಕಳಿಗೆಲ್ಲ ಹಾಡು ಕಲಿಸಿದವರು. ಟಾಕಿ ತುಂಬಿದರೆ ಪಾಠ ಮುಗಿಯಿತು. ಹೀಗಾಗಿ ಊರವರಿಗೆ ಅವರು ನೀರಿನ ಮಾಸ್ತರ.

"ಕಾಕಾ, ಆಗ್ತೈತಿಲ್ಲೋ?" ಮಾಸ್ತರರ ಮಗಳು ಪರಿಮಳಾ ಬಗ್ಗಿ ಕೇಳಿದಳು. "ಹನ್ನೆರಡಕ್ಕ ಎತ್ತತಾರಂತ."

"ಆಗ್ತೈತಿ ಬೇಟಿ. ಒಂದ ಮನಿ ಕೆಲಸ. ಒಂದ ಬೀಡಿ ಸೇದೋದ್ರಾಗ ಆಗ್ತೈತಿ."

ಆ ಒಂದು ಮನೆ ಎಂದರೆ ನಡುವಿನ ಸಪ್ತಕದ ಮೊದಲ ಕಪ್ಪು ಕೀಲಿ, ಪೇಟಿಯವರ ಮಾತಿನಲ್ಲಿ ಕರಿ ಒಂದು. ಅದನ್ನು ಒತ್ತಿದರೆ ಗಾಳಿ ಹೋಗುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಅಂಬ್ರಪ್ಪನವರ ಎಲ್ಲ ಪದಗಳೂ ಕೆಳಗಿನ ಕರಿ ಒಂದರಿಂದ ಹೊರಟು ಈ ನಡುವಿನ ಕರಿ ಒಂದಕ್ಕೇ ಏರಿ ನಿಲ್ಲುತ್ತಿದ್ದವು. ಏರಿದ ಕೂಡಲೇ ಪೇಟಿ ಸುಮ್ಮನಾಗುತ್ತಿತ್ತು. ಆಗ ಮಾಸ್ತರರು ಬೆರಳ ಗೆಣ್ಣಿನಿಂದ ಪೇಟಿಯ ಹಲಗೆಗೆ ಟಕ್ಕೆಂದು ಒಂದು ಏಟು ಹಾಕುತ್ತಿದ್ದರು. ಮಕ್ಕಳು ಆ ಸ್ವರವನ್ನು ತಾವೇ ಹಿಡಿಯಬೇಕು. ಹೀಗೆ ಕಲಿತವರು ಎಂಥ ಒಳ್ಳೆಯ ಪೇಟಿಯ ಮುಂದೆ ಕೂತರೂ ಅಲ್ಲಿಗೆ ಬಂದಾಗ ಕೈಗೆ ಸಿಕ್ಕಿದ್ದನ್ನು ಬಡಿಯುತ್ತಿದ್ದರು. ಕೆಂಭಾವಿಯಲ್ಲಿ ಇರಲಿ, ಕಕ್ಕೇರಾದಲ್ಲಿ ಇರಲಿ, ಭಜನೆಯ ನಡುವೆ ಟಕ್ಕೆಂದು ಸದ್ದು ಬಂದರೆ ಇವರು ರಂಗಂಪೇಟೆಯ ನೀರು ಕುಡಿದವರು ಎಂದು ಜನ ಗುರುತಿಸುತ್ತಿದ್ದರು.

ಬಾಗಿಲ ಹತ್ತಿರ ಕಾರು ನಿಂತಿತು. ಯಾದಗಿರಿಯ ಸಂಗೀತ ಸಭೆಯ ಅರ್ಜುನ ಅವರು ಶಾಲು ಮತ್ತು ಡಬ್ಬಿಯಲ್ಲಿಟ್ಟ ಗಾಜಿನ ಫಲಕ ಹಿಡಿದು ಇಳಿದರು. ಬರುವ ಭಾನುವಾರ ಯಾದಗಿರಿಯಲ್ಲಿ ಅಂಬ್ರಪ್ಪನವರಿಗೆ ಸನ್ಮಾನ ಇತ್ತು. ಅವರು ಗುರುವಾರ ಬೆಳಗಿನ ಜಾವವೇ ಹೋಗಿಬಿಟ್ಟರು.

"ಅವ್ವಾರ, ಈ ಶಾಲು..." ಅರ್ಜುನ ದೇವಕ್ಕನ ಮುಂದೆ ತಡವರಿಸಿದರು. "ಭಾನುವಾರ ವೇದಿಕಿ ಮ್ಯಾಲ ಹೊದಿಸಬೇಕಂತ ಇತ್ರಿ."

ಗಂಡನ ತಲೆಯ ಹತ್ತಿರ ಕೂತಿದ್ದ ದೇವಕ್ಕ ಶಾಲನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದಳು. "ಉಣ್ಣಿದು ಐತಿ. ಕಾಲಿಗೆ ಹೊದಿಸ್ರಿ. ಮೂವತ್ತಾರು ವರ್ಷ ನೀರಾಗ ನಿಂತ ಕಾಲು ಅವು. ಬ್ಯಾಸಿಗ್ಯಾಗೂ ತಣ್ಣಗಿರತಿದ್ದವು."

"ಕಾಲಿಗೇನ್ರಿ?"

"ಹೆಗಲಿಗೆ ಹಾಕಿದ್ರ ಆ ಮನಶ್ಯಾ ನಾಚಿ ಎದ್ದು ಹೋಗ್ತಾನ್ರಿ."

ಸುತ್ತ ಕೂತ ಹೆಂಗಸರಲ್ಲಿ ಒಬ್ಬಳು ಅಳುತ್ತಲೇ ನಕ್ಕಳು. ಅರ್ಜುನ ಶಾಲನ್ನು ಕಾಲಿಗೆ ಹೊದಿಸಿ ಪರಿಮಳಾಳ ಕಡೆ ಬಂದರು. "ಮೇಡಂ, ಫೋನಿನಾಗ ಹೇಳಿದಂಗ ಇವತ್ತು ಹಾಡೋ ಮಾಸ್ತರರ ಪದಾನ ಮೊಬೈಲಿನಾಗ ಹಿಡಕೊಂಡು ಹೋಗ್ತೀನ್ರಿ. ಭಾನುವಾರ ಎಲ್ಲಾರ ಮುಂದ ಪರದೆ ಮ್ಯಾಲ ತೋರಸ್ತೀವಿ. ದೊಡ್ಡ ದೊಡ್ಡ ಗಾಯಕರು ಬರಾಕತ್ಯಾರ."

"ಹೌದ್ರಿ. ಅದಕ್ಕ ಪೇಟಿ ರಿಪೇರಿ ಮಾಡ್ಸಾಕತ್ತೇನಿ," ಎಂದಳು ಪರಿಮಳಾ. ರಾಜಾಸಾಬನ ಕಡೆ ತಿರುಗಿ ದನಿ ತಗ್ಗಿಸಿದಳು. "ಇವತ್ತಾದ್ರೂ ಅದು ನುಡೀಲಿ ಕಾಕಾ. ಯಾದಗಿರಿ ಮಂದಿ ಮುಂದ ನಮ್ಮಪ್ಪಗ ಯಾರೂ ನಗಬಾರದು."

ಹಿಂದೆ ನಕ್ಕವರಲ್ಲಿ ತಾನೂ ಒಬ್ಬಳು ಎಂಬುದನ್ನು ಅವಳು ಹೇಳಲಿಲ್ಲ.

*

ಹತ್ತು ವರ್ಷದ ಹಿಂದೆ ಶಹಾಪುರದಲ್ಲಿ ಶಾಲಾ ಮಕ್ಕಳ ಸಮೂಹಗಾನ ಸ್ಪರ್ಧೆ ನಡೆದಿತ್ತು. ಪರಿಮಳಾ ಸಂಗೀತದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಯಾದಗಿರಿಯ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿ, ತೀರ್ಪುಗಾರರ ಮೂರು ಕುರ್ಚಿಗಳಲ್ಲಿ ಒಂದರಲ್ಲಿ ಕೂತಿದ್ದಳು. ಅಂಬ್ರಪ್ಪ ಐದು ಮಕ್ಕಳನ್ನು ಕರೆತಂದಿದ್ದರು. ಮುಂದೆ ನಿಂತವನು ಈಗ ಕಕ್ಕೇರಾದಲ್ಲಿರುವ ಕಾಂತೇಶ, ಆಗ ಹದಿನಾಲ್ಕು ವರ್ಷ.

ಮಕ್ಕಳು ಚೆನ್ನಾಗಿಯೇ ಹಾಡಿದರು. ಪದ ಮೇಲೇರಿತು. ಅಲ್ಲಿನ ಪೇಟಿ ಹೊಸದು, ಸ್ವರ ತುಂಬಿ ಬಂತು. ಆದರೂ ಐದೂ ಮಕ್ಕಳು ಒಟ್ಟಿಗೆ ಬಗ್ಗಿ ವೇದಿಕೆಯ ಹಲಗೆಗೆ ಟಕ್ಕೆಂದು ಬಡಿದರು. ಸಭೆ ಗೊಳ್ಳೆಂದಿತು. ಪಕ್ಕದ ತೀರ್ಪುಗಾರರು, "ಯಾರ್ರಿ ಇವರಿಗೆ ಬಡಿಗಿ ಕೆಲಸ ಕಲಿಸ್ದವ್ರು?" ಎಂದರು. ಪರಿಮಳಾ ಎಲ್ಲರ ಜೊತೆ ನಕ್ಕು ಹತ್ತು ಅಂಕ ಕಡಿದಳು. ಐದು ಮಕ್ಕಳಿಗೂ ಬಹುಮಾನ ತಪ್ಪಿತು.

ಊರಿಗೆ ಮರಳುವಾಗ ಸುರಪುರದ ಬಸ್ಸಿನಲ್ಲಿ ಅಪ್ಪ ಶೇಂಗಾ ಸುಲಿದು ಅವಳ ಕೈಗೆ ಹಾಕಿದರು.

"ಕಡಿದದ್ದು ಸರಿ ಐತವಾ. ನಿನ್ನ ಪುಸ್ತಕದಾಗ ಇಲ್ಲದ್ದಕ್ಕ ನೀ ಹ್ಯಾಂಗ ಅಂಕ ಕೊಡ್ತಿ."

ಅವರು ಬೈದಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ. "ಅಪ್ಪಾ, ತಪ್ಪು ಕಲಿಸಿ ಇಷ್ಟು ಮಕ್ಕಳ ಸಂಗೀತ ಹಾಳು ಮಾಡಬ್ಯಾಡ. ಮೊದಲ ಆ ಪೇಟಿ ರಿಪೇರಿ ಮಾಡ್ಸು," ಎಂದಳು.

ಅಂಬ್ರಪ್ಪ ಒಂದು ಕಾಳು ಸುಲಿದರು. "ನೋಡೂಣು," ಎಂದರು.

ಆಮೇಲೆ ಅವಳು ಊರಿಗೆ ಬಂದಾಗೆಲ್ಲ ಪೇಟಿ ಮೂಲೆಯಲ್ಲಿ ಇರುತ್ತಿತ್ತು. "ಒಮ್ಮಿ ಕುಂತು ಬಾರ್ಸು," ಎಂದು ಅಪ್ಪ ಹೇಳುತ್ತಿದ್ದರು. "ಮೊದಲ ರಿಪೇರಿ," ಎಂದು ಅವಳು ಹೇಳುತ್ತಿದ್ದಳು. ಇಬ್ಬರೂ ಹಟ ಬಿಡಲಿಲ್ಲ. ಹತ್ತು ವರ್ಷ ಹೀಗೇ ಹೋಯಿತು.

*

ರಾಜಾಸಾಬ ಸೊಂಟದ ಚೀಲದಿಂದ ತಂಬಾಕಿನ ಸಣ್ಣ ಡಬ್ಬಿ ತೆಗೆದ. ಅದರೊಳಗೆ ಅರಿವೆಯಲ್ಲಿ ಸುತ್ತಿದ ಹಿತ್ತಾಳೆಯ ರೀಡು ಇತ್ತು, ಪೇಟಿಯ ನಾಲಗೆ. ಬೆರಳಿನ ಉದ್ದವೂ ಇಲ್ಲ.

"ಹೊಸಾದೇನು?" ಎಂದಳು ಪರಿಮಳಾ.

"ಇದ ಪೇಟೀದು. ಹತ್ತೊಂಬತ್ತು ವರ್ಷ ಆತು ನನ್ನ ಹತ್ರ ಇಟಗೊಂಡು."

"ಅಂದ್ರ? ಇದು ಮುರಿದದ್ದಲ್ಲೇನು?"

ರಾಜಾಸಾಬ ಅದನ್ನು ಬಾಯಿಯ ಹತ್ತಿರ ಹಿಡಿದು ಊದಿದ. ಸಣ್ಣಗೆ, ನೆಟ್ಟಗೆ ಒಂದು ಸ್ವರ ಬಂತು. ಚಾಪೆಯ ಸುತ್ತ ಕೂತವರು ತಿರುಗಿ ನೋಡಿದರು.

"ಮುರಿದದ್ದು ಬ್ಯಾರೆ. ಅದನ್ನ ತಗದು ಇದನ್ನ ನಾನ ಕೂರಿಸಿ ಕೊಟ್ಟಿದ್ದೆ. ಮೂರು ತಿಂಗಳಿಗೆ ನಿಮ್ಮಪ್ಪ ಪೇಟಿ ಹೊತಗೊಂಡು ಮತ್ತ ಬಂದ."

*

ಸುರಪುರದ ತನ್ನ ರಿಪೇರಿ ಅಂಗಡಿಯಲ್ಲಿ ಅವತ್ತು ರಾಜಾಸಾಬ ಊಟದ ಡಬ್ಬಿ ಬಿಚ್ಚುತ್ತಿದ್ದ. ಅಂಬ್ರಪ್ಪ ಸೈಕಲ್ಲಿನಿಂದ ಪೇಟಿ ಇಳಿಸಿ ಅವನ ಮುಂದಿಟ್ಟರು.

"ರಾಜಾ, ಆ ರೀಡು ತಗೀ."

"ಯಾಕೋ, ನುಡ್ಯಾಂಗಿಲ್ಲೇನು?"

"ಛಲೋ ನುಡೀತೈತಿ. ಅದಕ್ಕ ತಗೀ ಅಂದೆ."

ರಾಜಾಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಅದು ಮುರಿದಿತ್ತಲ್ಲ, ಆ ಆರು ತಿಂಗಳು ನಾ ಭಾಳ ಬ್ಯಾಸರಾಗಿದ್ದೆ," ಎಂದರು ಅಂಬ್ರಪ್ಪ. "ಆದ್ರ ಪೇಟಿ ಕೈ ಕೊಟ್ಟಲ್ಲೆ ಹುಡುಗ್ರು ಬಿದ್ದು ಎದ್ದು ತಾವ ಹಿಡಿಯೋದು ಕಲ್ತಿದ್ದರು. ನೀ ರಿಪೇರಿ ಮಾಡಿಕೊಟ್ಟಿ. ಈಗ ಎಲ್ಲಾ ಪೇಟಿ ಮ್ಯಾಲ ಭಾರ ಹಾಕಿ ಹಾಡಾಕತ್ಯಾವ. ನಾ ಕೈ ತಗದ್ರ ದನಿ ಜಾರ್ತೈತಿ. ನಮ್ಮ ಹುಡುಗ್ರ ಮನ್ಯಾಗ ಪೇಟಿ ಎಲ್ಲಿ ಅದಾವ ರಾಜಾ? ಹೊಲದಾಗ, ಗಿರಣ್ಯಾಗ ಹಾಡೋ ಮಂದಿ ಅವು. ಅಲ್ಲಿ ಪೇಟಿ ಯಾರು ಹೊತಗೊಂಡು ಬರ್ತಾರ?"

"ಅದಕ್ಕ ಛಲೋ ಪೇಟಿ ಕೆಡಸ್ಲೇನು?"

"ಒಂದ ಮನಿ ಅಷ್ಟ. ಉಳಿದವು ಇರಲಿ. ಪೈಪಿಗೆ ಒಂದು ಏಟು ಹಾಕಿದ್ರ ಒಳಗ ನೀರು ಬಂದೈತೋ ಇಲ್ಲೋ ತಿಳಿತೈತಲ್ಲ, ಹಂಗ ಅಲ್ಲೆ ನಾ ಒಂದು ಏಟು ಹಾಕತೀನಿ. ಹುಡುಗ್ರ ಒಳಗ ಸ್ವರ ಬಂದೈತೋ ಇಲ್ಲೋ ತಿಳಿತೈತಿ."

ರಾಜಾಸಾಬ ಅರ್ಧ ತಾಸು ಬೈದ. ಬೈಯುತ್ತಲೇ ತೆಗೆದುಕೊಟ್ಟ.

*

"ನನಗ ಯಾಕ ಹೇಳಲಿಲ್ಲ?" ಎಂದಳು ಪರಿಮಳಾ.

"ನಾನೂ ಕೇಳಿದ್ದೆ. 'ಹೇಳಿದ್ರ ಅಕಿ ತಲಿಗೆ ಹೋಗ್ತೈತಿ, ಕಿವಿಗೆ ಹೋಗಂಗಿಲ್ಲ. ಒಮ್ಮಿ ಕುಂತು ಬಾರ್ಸಿದ್ರ ತಾನ ತಿಳೀತಾಳ' ಅಂತಿದ್ದ. ನೀ ಕುಂದ್ರಲಿಲ್ಲ." ರಾಜಾಸಾಬ ರೀಡನ್ನು ಅಂಗೈಯಲ್ಲಿ ಇಟ್ಟು ಮುಂದೆ ಚಾಚಿದ. "ಹೇಳ್ ಬೇಟಿ. ಕೂರಿಸ್ಲೋ, ಬ್ಯಾಡೋ?"

ಅಷ್ಟರಲ್ಲಿ ಬೀದಿಯಲ್ಲಿ ಟೆಂಪೊ ಬಂತು. ಕಾಂತೇಶ ಕಕ್ಕೇರಾದಿಂದ ತನ್ನ ಭಜನಾ ಮೇಳವನ್ನೆಲ್ಲ ತುಂಬಿಕೊಂಡು ಬಂದಿದ್ದ. ಹಿಂದಿನಿಂದ ಮಾಸ್ತರರ ಹಳೆಯ ಶಿಷ್ಯೆ, ಕೆಂಭಾವಿಯ ಹಿಟ್ಟಿನ ಗಿರಣಿಯ ಮಸ್ತಾನಬಿ ಇಳಿದಳು. ಹಿಟ್ಟಿನ ಕೈ ಸರಿಯಾಗಿ ತೊಳೆದಿರಲಿಲ್ಲ. ಅವಳ ಹಾಡು ಗಿರಣಿಯ ಸದ್ದನ್ನೂ ದಾಟಿ ಮೂರು ಓಣಿಗೆ ಕೇಳುತ್ತದೆ ಎಂದು ಹೆಸರು.

ಕಾಂತೇಶ ಮಾಸ್ತರರ ಕಾಲಿಗೆ ಹಣೆ ಹಚ್ಚಿ ಪರಿಮಳಾಳ ಮುಂದೆ ಬಂದು ನಿಂತ. ಹತ್ತು ವರ್ಷದ ಮೇಲೆ ಅವನ ಮುಖ ನೋಡುತ್ತಿದ್ದಳು.

"ಅಕ್ಕಾರ, ನೀವ ಬಾರಿಸಬೇಕ್ರಿ."

"ನಿಮ್ಮ ಅಂಕ ಕಡಿದಾಕಿ ನಾನು."

"ಹೌದ್ರಿ, ನೆನಪೈತಿ. ಮನಿಗೆ ಬಂದ ಮ್ಯಾಲ ಮಾಸ್ತರ ನಮಗ ಐದು ಮಂದಿಗೂ ಜಿಲೇಬಿ ಕೊಡ್ಸಿದ್ರು. ಯಾಕ್ರಿ ಅಂದ್ರ, 'ಹೊಸಾ ಪೇಟಿ ಮುಂದನೂ ಮರೀಲಿಲ್ಲಲ್ಲ ಮಕ್ಕಳ್ರಾ' ಅಂದ್ರು." ಅವನು ಸಣ್ಣಗೆ ನಕ್ಕ. "ಈಗ ನಾ ಕಲಿಸೋ ಹುಡುಗ್ರೂ ಬಡೀತಾವ್ರಿ. ನನ್ನ ಪೇಟಿ ಸರಿ ಐತಿ. ಆದ್ರೂ ಬಡೀತಾವ."

ಪರಿಮಳಾ ರಾಜಾಸಾಬನ ಅಂಗೈಯಿಂದ ರೀಡನ್ನು ತೆಗೆದುಕೊಂಡಳು. ಅಪ್ಪನ ಹತ್ತಿರ ಹೋಗಿ, ಅದನ್ನು ಅವರ ಅಂಗಿಯ ಜೇಬಿನಲ್ಲಿ, ಕನ್ನಡಕದ ಹಿಂದೆ ಇಟ್ಟು ಗುಂಡಿ ಹಾಕಿದಳು.

"ಮುಚ್ಚು ಕಾಕಾ," ಎಂದಳು.

ರಾಜಾಸಾಬ ಟೋಪಿಯಿಂದ ಮೊದಲನೆಯ ಸ್ಕ್ರೂ ಎತ್ತಿದ.

*

ಹನ್ನೆರಡಕ್ಕೆ ಎತ್ತಿದರು. ದಾರಿಯ ನಡುವೆ ಚಟ್ಟ ಒಮ್ಮೆ ಇಳಿಸುವುದು ಪದ್ಧತಿ. ಎಲ್ಲರನ್ನೂ ಹುಣಸೆಮರದ ಹತ್ತಿರ ಇಳಿಸುತ್ತಾರೆ. ಅಂಬ್ರಪ್ಪನವರನ್ನು ಅಲ್ಲಿ ಇಳಿಸಬೇಕೆಂದು ಯಾರೂ ಹೇಳಲಿಲ್ಲ. ಹೊತ್ತವರ ಕಾಲುಗಳು ತಾವಾಗಿ ಟಾಕಿಯ ಕಡೆ ತಿರುಗಿದವು. ಕಟ್ಟೆಯ ಪಕ್ಕದಲ್ಲಿ ಇಳಿಸಿದರು. ವಾಲ್ವಿನ ಹತ್ತಿರ ಈಗಿನ ನೀರುಗಂಟಿ ಅಸದ, ಕಬ್ಬಿಣದ ಚಾವಿ ಹಿಡಿದು ನಿಂತಿದ್ದ. ಅವನಿಗೆ ಕೆಲಸ ಕಲಿಸಿದವರೂ ಅಂಬ್ರಪ್ಪನವರೇ. ದಿನಾ ನೀರು ಬಿಟ್ಟ ಕೂಡಲೇ ದೊಡ್ಡ ಪೈಪಿಗೆ ಚಾವಿಯಿಂದ ಒಂದು ಏಟು. ಆ ಸದ್ದು ಪೈಪಿನಲ್ಲೇ ಹರಿದು ಓಣಿ ಓಣಿಯ ನಲ್ಲಿಗಳಲ್ಲಿ ಟಿಣ್ಣೆನ್ನುತ್ತದೆ. ಕೂಗುವ ಕೆಲಸವಿಲ್ಲ. ರಂಗಂಪೇಟೆಯ ಹೆಂಗಸರು ಅದನ್ನು ಕೇಳಿಯೇ ಕೊಡ ಎತ್ತಿಕೊಳ್ಳುವವರು.

ಪರಿಮಳಾ ಕಟ್ಟೆಯ ಮೇಲೆ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತಳು. ಕಲ್ಲು ಸವೆದು ನುಣುಪಾಗಿತ್ತು. ಮುಂದೆ ಪೇಟಿ ಇಟ್ಟುಕೊಂಡು ತಿದಿ ಒತ್ತಿದಳು. ಅರ್ಜುನ ಮೊಬೈಲು ಎತ್ತಿ ಹಿಡಿದರು. ಕಾಂತೇಶ ಮೊದಲ ಸಾಲು ಎತ್ತಿದ. ಅದು ಮಾಸ್ತರರು ಮಕ್ಕಳಿಗಾಗಿ ಕಟ್ಟಿದ ಪದ, ಎಲ್ಲರೂ ಕಲಿತ ಮೊದಲ ಪದ.

"ಕೊಡ ತೊಳಕೊಂಡು ಬಾರವ್ವಾ, ನೀರು ಬಂದೈತಿ..."

ಎರಡನೆಯ ಸಾಲಿಗೆ ಮೇಳ ಸೇರಿತು. ಮೂರನೆಯದಕ್ಕೆ ಇಡೀ ಮೆರವಣಿಗೆ ಸೇರಿತು. ಗಾರೆ ಕೆಲಸದವರು, ಶಾಲೆಯ ಮೇಷ್ಟ್ರು, ಬಸ್ ಕಂಡಕ್ಟರು, ಬಳೆ ಮಾರುವವಳು. ಇಷ್ಟು ಜನ ಈ ಕಟ್ಟೆಯ ಮೇಲೆ ಕೂತು ಎದ್ದು ಹೋಗಿದ್ದಾರೆಂದು ಪರಿಮಳಾಗೆ ಗೊತ್ತಿರಲಿಲ್ಲ. ಪದ ಮೆಟ್ಟಿಲು ಮೆಟ್ಟಿಲಾಗಿ ಏರಿತು.

"ಎತ್ತರದ ಟಾಕ್ಯಾಗಿಂದ..."

ಅವಳ ಬೆರಳು ನಡುವಿನ ಕರಿ ಒಂದನ್ನು ಒತ್ತಿತು. ಪೇಟಿ ಸುಮ್ಮನಾಯಿತು. ಅರ್ಜುನ ಗಾಬರಿಯಾಗಿ ಮೊಬೈಲು ತಿರುಗಿಸಿ ನೋಡಿಕೊಂಡರು.

ಟಕ್.

ಚಟ್ಟದ ಬಿದಿರಿಗೆ, ಹಿಂದೆ ಬಂದ ಟೆಂಪೊದ ಬಾಗಿಲಿಗೆ, ತಾಳದ ಹಿಡಿಗೆ, ಕೈಗೋಲಿಗೆ, ಯಾದಗಿರಿಯ ಗಾಜಿನ ಫಲಕದ ಡಬ್ಬಿಗೆ, ಮುನ್ನೂರು ಗೆಣ್ಣುಗಳು ಒಂದೇ ಏಟು ಹಾಕಿದವು. ಅದರ ಬೆನ್ನಿಗೇ ಮುನ್ನೂರು ಕೊರಳಿನಿಂದ ಆ ಸ್ವರ ಎದ್ದು, ಕೂದಲೆಳೆಯಷ್ಟೂ ಅಲುಗದೆ ನಿಂತಿತು. ಮಸ್ತಾನಬಿಯ ದನಿ ಎಲ್ಲಕ್ಕಿಂತ ಮೇಲಿತ್ತು. ಜೀವಮಾನವೆಲ್ಲ ಪೇಟಿಯನ್ನು ನೆಚ್ಚಿ ಆ ಸ್ವರ ಹಾಡಿದ್ದ ಪರಿಮಳಾಳ ಕೊರಳು ಒಂದು ಗಳಿಗೆ ತಡಕಾಡಿತು. ಆಮೇಲೆ ಅದೂ ಹಿಡಿಯಿತು. ಅವಳು ಅಳುತ್ತಿದ್ದಳು, ಸ್ವರ ಬಿಡಲಿಲ್ಲ. ದೇವಕ್ಕ ಗಂಡನ ಮುಖ ನೋಡುತ್ತ ತಲೆದೂಗಿದಳು.

ಅಸದನ ಕೈಯೂ ಸುಮ್ಮನಿರಲಿಲ್ಲ. ಅವನ ಚಾವಿ ದೊಡ್ಡ ಪೈಪಿಗೆ ಬಿದ್ದಿತ್ತು. ಆ ಸದ್ದು ಹರಿದು ಹೋಯಿತು. ಮೇಲಿನ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಒಲೆಯ ಮುಂದಿದ್ದವರು, ಬಾಣಂತಿಯ ಕಾವಲಿಗೆ ಉಳಿದವರು, ಇವತ್ತು ಯಾರನ್ನು ಮಣ್ಣು ಮಾಡುತ್ತಾರೆ ಎಂದು ಚೆನ್ನಾಗಿ ಬಲ್ಲವರು, ಎಲ್ಲ ಹೆಂಗಸರೂ ಕೊಡ ಹಿಡಿದು ಲಗುಬಗೆಯಿಂದ ಹೊರಗೆ ಬಂದರು. ಟಾಕಿಯ ಕೆಳಗಿನ ಜನ ನೋಡಿ, ಚಟ್ಟ ನೋಡಿ, ನಿಂತರು. ಯಾರೂ ತಿರುಗಿ ಹೋಗಲಿಲ್ಲ.

ಪದ ಮತ್ತೆ ಕೆಳಗಿನಿಂದ ಏರತೊಡಗಿತು. ಮುಂದೆ ನಿಂತ ಮುದುಕಿ ಖಾಲಿ ಕೊಡವನ್ನು ಸೊಂಟಕ್ಕೆ ಏರಿಸಿ, ಅದರ ಹೊಟ್ಟೆಯ ಮೇಲೆ ಬೆರಳ ಗೆಣ್ಣು ಎತ್ತಿ ಹಿಡಿದು ಕಾದಳು.