ಇನ್ನೊಂದು ತಾಸು

ಬನಹಟ್ಟಿಯ ನೇಕಾರರ ಮನೆಯ ಹೆಂಗಸರು ಕೆಲಸವನ್ನೇ ಮಾಡುವುದಿಲ್ಲವೆಂದು ಹನ್ನೆರಡು ವರ್ಷಗಳ ಹಿಂದೆ ನಾನೇ ಬರೆದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆಗ ನಾನು ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ತಾಯಿ ದಿನಕ್ಕೆ ಎಷ್ಟು ತಾಸು ದುಡಿಯುತ್ತಾಳೆ, ಮಕ್ಕಳು ಎಷ್ಟು ವರ್ಷ ಕಲಿತಿದ್ದಾರೆ ಎಂದು ಎಪ್ಪತ್ತು ಮನೆ ತಿರುಗಿ ಕೇಳಿದ್ದೆ. ಮೊದಲ ಫಾರ್ಮು ನಮ್ಮ ಮನೆಯದೇ. ಅಲ್ಲಿ ನಾನು ಎಂ.ಎ., ಅಕ್ಕ ಉಜ್ವಲಾ ಏಳನೆಯ ತರಗತಿಗೆ ಶಾಲೆ ಬಿಟ್ಟವಳು.

"ಅವ್ವಾ, ಏನ್ ಕೆಲಸ ಮಾಡ್ತಿ?"

"ನಾ ಏನ್ ಮಾಡ್ತೇನಿ, ಮನ್ಯಾಗ ಇರ್ತೇನಿ" ಎಂದಳು ಅವ್ವ, ರಾಟೆ ತಿರುಗಿಸಿ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಲೇ. ನಾನು ಸೊನ್ನೆ ಬರೆದೆ. ಆ ರಾಟೆಯ ಗುಂಯ್ ಸದ್ದು ಈಗ ಎಷ್ಟು ಬೇಕೆನಿಸುತ್ತದೆ. ಅವತ್ತು ಕಿವಿಗೇ ಬೀಳಲಿಲ್ಲ.

ಜಮಖಂಡಿ ಕಾಲೇಜಿನ ಸುಹಾಸಿನಿ ಮೇಡಂ ರಿಗ್ರೆಶನ್ ಕಲಿಸಿದರು. ಮನೆಗೊಂದು ಚುಕ್ಕೆ, ಚುಕ್ಕೆಗಳ ನಡುವೆ ಒಂದು ಗೆರೆ. ಒಂದು ಹೆಚ್ಚಾದಾಗ ಇನ್ನೊಂದು ಎಷ್ಟು ಹೆಚ್ಚಿರುತ್ತದೆಂದು ಗೆರೆಯ ಏರು ಹೇಳುತ್ತದೆ. ನನ್ನ ಗೆರೆ ಚಾಪೆಯಂತೆ ಮಲಗಿತ್ತು. ಮೇಡಂ ಫಾರ್ಮುಗಳನ್ನು ತಿರುವಿಹಾಕಿದರು.

"ಇಷ್ಟ್ ಸೊನ್ನಿ? ಇವರೆಲ್ಲಾ ಕೈಕಟ್ಟಿ ಕೂತಿರ್ತಾರೇನು? ನೀ ಕೇಳಿದ್ದ ತಪ್ಪ ಅದ, ಹೋಗಿ ಮತ್ತ ಕೇಳು."

ಮತ್ತೆ ಎಪ್ಪತ್ತು ಮನೆ. ಈ ಸಲ ಕೆಲಸದ ಮಾತೇ ಎತ್ತಲಿಲ್ಲ. ರಾಟೆಗೆ ಯಾವಾಗ ಕೂತಿರಿ, ಯಾವಾಗ ಎದ್ದಿರಿ ಎಂದಷ್ಟೇ ಕೇಳಿದೆ. ಅವ್ವನದು ಒಂಬತ್ತು ತಾಸಾಯಿತು. ಗೆರೆ ಎದ್ದಿತು ನೋಡಿ! ತಾಯಿ ಒಂದು ತಾಸು ಹೆಚ್ಚು ದುಡಿಯುವ ಮನೆಯಲ್ಲಿ ಮಕ್ಕಳು ಸುಮಾರು ಅರ್ಧ ವರ್ಷ ಹೆಚ್ಚು ಕಲಿತಿದ್ದರು.

ಮನೆಗೆ ಓಡಿ ಬಂದು ಕಾಗದವನ್ನು ಅವ್ವನ ಮುಂದೆ ಹಿಡಿದೆ. "ನೋಡಬೇ, ನಿನ್ನ ದುಡಿಮಿನೂ ಇದರಾಗ ಬಂತು. ತಾಸು ಹೆಚ್ಚಾದಂಗ ಮಕ್ಕಳ ಸಾಲಿನೂ ಹೆಚ್ಚೈತಿ."

ಅವ್ವ ರಾಟೆ ನಿಲ್ಲಿಸಿದಳು. ಗೆರೆಯ ಮೇಲೆ ಬೆರಳಾಡಿಸಿದಳು.

"ಹಂಗಾದ್ರ ನಾ ಇನ್ನೊಂದ್ ತಾಸು ಕುಂತಿದ್ರ ಉಜ್ವಲಾನೂ ಕಲೀತಿದ್ಲೇನು?"

"ಇಲ್ಲಬೇ, ಅದು ಹಂಗಲ್ಲ" ಎಂದೆ. ಕಾಗದವನ್ನು ಮಡಚಿ ಚೀಲಕ್ಕಿಟ್ಟೆ.

ಮರುದಿನ ಅವ್ವ ಒಂದು ತಾಸು ಮೊದಲೇ ಎದ್ದು ರಾಟೆಗೆ ಕುಳಿತಳು. ಯಾಕೆಂದು ಕೇಳಿದರೆ, "ಉಜ್ವಲಾನ ಮಗಳು ಸಾಲಿಗಿ ಹೊಂಟಾಳಲ್ಲ" ಎಂದಳು. ಎಷ್ಟು ಬೈದರೂ ಸಾಯುವ ತನಕ ಆ ತಾಸನ್ನು ಬಿಡಲಿಲ್ಲ.

ಈಗ ಅದೇ ಕಾಲೇಜಿನಲ್ಲಿ ನಾನು ಕಲಿಸುತ್ತೇನೆ. ಅಕ್ಕನ ಮಗಳು ಸ್ನೇಹಾ ಈ ವರ್ಷ ನನ್ನ ತರಗತಿಯ ಮೊದಲ ಬೆಂಚಿನಲ್ಲಿದ್ದಾಳೆ. ಬೋರ್ಡಿನ ಮೇಲೆ ಗೆರೆ ಎಳೆದು, ಈ ಗೆರೆ ಬರೀ ಸರಾಸರಿ, ಒಬ್ಬ ತಾಯಿಯ ಒಂದು ತಾಸಿನಿಂದ ಏನಾಗುತ್ತದೆಂದು ಇದು ಹೇಳುವುದಿಲ್ಲ ಎಂದು ಹೇಳುವಾಗ ಅವಳ ಮುಖ ನೋಡುವ ಧೈರ್ಯ ನನಗಾಗುವುದಿಲ್ಲ.