ಎಡಗಡೆಯ ಹುಲ್ಲುಗುಬ್ಬಿ

ನನ್ನ ಹೆಂಡತಿ ನೋಲೀನಳ ಕಿವಿಯ ಬಗ್ಗೆ ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಪೋರ್ಟ್ ಆಗಸ್ಟಾದಲ್ಲಿ ಯಾರೂ ತಕರಾರು ಎತ್ತಿದವರಲ್ಲ, ಮಾಂಸದಂಗಡಿಯ ಮರ್ವಿನ್ ಒಬ್ಬನನ್ನು ಬಿಟ್ಟು. ಹೊಟ್ಟೆಕಿಚ್ಚಿನ ಮನುಷ್ಯ. ಹತ್ತೊಂಬತ್ತು ಸಲ ನಮ್ಮ ಎದುರು ಹಕ್ಕಿ ಪಂದ್ಯ ಆಡಿ ಹದಿನಾಲ್ಕು ಸಲ ಸೋತವನಿಗೆ ಹೊಟ್ಟೆಕಿಚ್ಚಲ್ಲದೆ ಮತ್ತೇನು ಇರುತ್ತದೆ?

ಪಂದ್ಯ ನವೆಂಬರಿನಲ್ಲಿ. ಬೆಳಕು ಹರಿದಾಗ ಶುರು, ಸಂಜೆ ಐದಕ್ಕೆ ಮುಕ್ತಾಯ. ಹೆಚ್ಚು ಬಗೆಯ ಹಕ್ಕಿಗಳನ್ನು ಪಟ್ಟಿ ಮಾಡಿದವರು ಗೆದ್ದಂತೆ. ಮೂವರ ತಂಡ, ಒಂದು ಹಕ್ಕಿ ಪಟ್ಟಿಗೆ ಸೇರಬೇಕಾದರೆ ಇಬ್ಬರಾದರೂ ಅದನ್ನು ಕಂಡಿರಬೇಕು, ಇಲ್ಲವೇ ಅದರ ದನಿ ಕೇಳಿರಬೇಕು. ಫೋಟೋ ಯಾರೂ ಕೇಳುವುದಿಲ್ಲ. ಬಾಯಿಮಾತೇ ಎಲ್ಲ. ಹಾಗಾಗಿಯೇ ಈ ಪಂದ್ಯದಲ್ಲಿ ಗೆದ್ದವರು ನಮ್ಮೂರಿನಲ್ಲಿ ಸ್ವಲ್ಪ ತಲೆ ಎತ್ತಿ ನಡೆಯುತ್ತಾರೆ.

ನಮ್ಮ ತಂಡದಲ್ಲಿ ನಾನು ಕಣ್ಣು. ಮೂವತ್ತು ವರ್ಷ ರೈಲು ಹಳಿಯ ಮೇಲೆ ಸುತ್ತಿಗೆ ಬಡಿದವನ ಕಿವಿಗೆ ಸಣ್ಣ ದನಿಗಳು ಬೀಳುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಟ್ರಿಶ್ ಕಾಲು, ಎಲ್ಲಿ ಬೇಕಾದರೂ ಓಡುತ್ತಾಳೆ. ಎಪ್ಪತ್ತೊಂದರ ನೋಲೀನ್ ಕಿವಿ, ನಾಯಕಿಯೂ ಅವಳೇ.

ಈ ವರ್ಷ ಬೆಳಗ್ಗೆ ಊರಿನ ಉತ್ತರದ ಬಯಲಿನಲ್ಲಿ ನಿಂತಿದ್ದೆವು. ಮೊಣಕಾಲುದ್ದದ ಬೂದು ಪೊದೆಗಳು, ಕೆಂಪು ಮಣ್ಣು. ಅಲ್ಲಿ ಹುಲ್ಲುಗುಬ್ಬಿ ಇದೆ. ಕಂದು ಬಣ್ಣದ ಪುಟ್ಟ ಹಕ್ಕಿ, ಹಾರುವುದು ಕಡಿಮೆ, ಇಲಿಯಂತೆ ಪೊದೆಯ ಬುಡದಲ್ಲಿ ಓಡುತ್ತದೆ. ಕಣ್ಣಿಗೆ ಬೀಳುವುದು ಅಪರೂಪ. ಕೂಗು ಸೂಜಿಯಷ್ಟು ಸಣ್ಣದು. ನೋಲೀನ್ ಅದನ್ನು ನೂರು ಮಾರು ದೂರದಿಂದ ಹಿಡಿಯುತ್ತಿದ್ದಳು.

ದನಿ ಕೇಳಿತೆಂದು ಟ್ರಿಶ್ ಪೊದೆಯ ಕಡೆ ಬೆರಳು ಮಾಡಿದಳು. ನಾನು ಅಭ್ಯಾಸದಂತೆ ನೋಲೀನಳ ಮುಖ ನೋಡಿದೆ. ಅವಳು ಪೊದೆಯ ಕಡೆ ನೋಡುತ್ತಿರಲಿಲ್ಲ. ಟ್ರಿಶ್‌ಳ ಮುಖ ನೋಡುತ್ತಿದ್ದಳು. ಒಂದು ಗಳಿಗೆ ತಡವಾಗಿ, "ಹೂಂ, ಕೇಳ್ತು. ಬರ್ಕೋ" ಅಂದಳು.

ಅವಳಿಗೆ ಕೇಳಿಸಿಲ್ಲ ಎಂದು ನನಗೆ ತಕ್ಷಣ ಗೊತ್ತಾಯಿತು. ಯಾಕೆಂದರೆ ಹತ್ತು ವರ್ಷದ ಹಿಂದೆ, ಕಿವಿ ಕೈಕೊಟ್ಟಿದೆ ಎಂದು ಒಪ್ಪಿಕೊಳ್ಳುವ ಮೊದಲು, ಇಡೀ ಒಂದು ವರ್ಷ ನಾನು ಇದೇ ಆಟ ಆಡಿದ್ದೆ. ಪಕ್ಕದವರ ಮುಖ ನೋಡಿ ಹೂಂ ಅನ್ನುವುದು. ಆಗ ಹಿಡಿದು ಉಗಿದವಳು ಇವಳೇ.

ಮಧ್ಯಾಹ್ನ ಊರಿನ ಕೊಳಚೆ ನೀರಿನ ಹೊಂಡಗಳಿಗೆ ಬಂದೆವು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ಈ ಒಣನೆಲದಲ್ಲಿ ಹಕ್ಕಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಪ್ಪು ಹಂಸ, ಹೆಜ್ಜಾರ್ಲೆ, ಹತ್ತು ಬಗೆಯ ಬಾತು. ಟ್ರಿಶ್ ದಂಡೆ ಸುತ್ತಲು ಹೋದಾಗ ನಾವಿಬ್ಬರೂ ಕಾರಿನ ನೆರಳಲ್ಲಿ ಕೂತು ಮಾಂಸ ತುಂಬಿ ಬೇಯಿಸಿದ ಪೇಸ್ಟಿ ತಿನ್ನುತ್ತಿದ್ದೆವು.

"ಬೆಳಗ್ಗೆ ಅದು ಯಾವ ಕಡೆ ಕೂಗ್ತು?" ಅಂದೆ.

"ಯಾವ್ದು?"

"ಹುಲ್ಲುಗುಬ್ಬಿ."

"ಎಡಗಡೆ. ಯಾಕೆ?"

"ಏನಿಲ್ಲ. ಟ್ರಿಶ್ ಬೆರಳು ಮಾಡಿದ್ದು ಬಲಗಡೆ."

ಅವಳು ಪೇಸ್ಟಿಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. "ನಿನ್ ಕೆಲ್ಸ ನೋಡ್ಕೋ, ಕ್ಲೆಮ್."

ಅಲ್ಲಿಂದ ಕಡಲಿಗೆ ಹೋದೆವು. ಕಡಲ ದಂಡೆಯ ಕೆಸರಿನಲ್ಲಿ, ಸೈಬೀರಿಯಾದಿಂದ ಬಂದಿಳಿದ ಗೊರವ ಹಕ್ಕಿಗಳ ನಡುವೆ, ಐದಕ್ಕೆ ಹತ್ತು ನಿಮಿಷ ಇರುವಾಗ ನಾನು ನೂರ ಹದಿನೆಂಟನೆಯ ಹಕ್ಕಿ ತೋರಿಸಿದೆ. ಟ್ರಿಶ್ ನನ್ನ ಬೆನ್ನಿಗೆ ಗುದ್ದಿದಳು. ನೋಲೀನ್ ಸುಮ್ಮನೆ ಬರೆದುಕೊಂಡಳು.

ಎಣಿಕೆ ನಡೆಯುವುದು ಅಗ್ನಿಶಾಮಕದವರ ಶೆಡ್ಡಿನಲ್ಲಿ. ಹೊರಗೆ ಸಾಸೇಜು ಬೇಯುತ್ತಿರುತ್ತದೆ, ಒಳಗೆ ನಾಯಕರು ಎದ್ದು ನಿಂತು ತಮ್ಮ ಪಟ್ಟಿ ಓದಬೇಕು. ನಡುವೆ ಮೇಜಿನ ಮೇಲೆ ಗೆದ್ದವರಿಗೆ ಕೊಡುವ ಕಪ್, ಅಂದರೆ ಕೊಕ್ಕು ಮುರಿದ ಒಂದು ಪಿಂಗಾಣಿ ಗಿಳಿ. ಹೋದ ವರ್ಷ ಗೆದ್ದ ನಾವು ತಂದಿಟ್ಟಿದ್ದು. ಮರ್ವಿನ್ ಓದಿ ಮುಗಿಸಿದ. ನೂರ ಹದಿನೆಂಟು. ಸಮವಾದರೆ ಗಿಳಿ ಇದ್ದವರ ಹತ್ತಿರವೇ ಉಳಿಯುತ್ತದೆ, ಅದೂ ನಿಯಮವೇ. ಟ್ರಿಶ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ನೋಲೀನ್ ಎದ್ದಳು. ಎಮುವಿನಿಂದ ಶುರು ಮಾಡಿ ಎಲ್ಲ ಓದುತ್ತಾ ಹೋದಳು. ಹುಲ್ಲುಗುಬ್ಬಿಯ ಹತ್ತಿರ ನಿಂತಳು.

"ಇದನ್ನ ಹೊಡೆದ್ಹಾಕಿ," ಅಂದಳು. "ಟ್ರಿಶ್ ಒಬ್ಳೇ ಕೇಳಿದ್ದು. ನಾನು ಅವಳ ಮುಖ ನೋಡಿ ಹೂಂ ಅಂದೆ."

ನಾನು ಮರ್ವಿನ್ ನಗುತ್ತಾನೆಯೇ ಎಂದು ನೋಡುತ್ತಿದ್ದೆ. ನಕ್ಕಿದ್ದರೆ ಅವತ್ತು ಅವನಿಗೆ ಗ್ರಹಚಾರವಿತ್ತು.

"ಹೋದ್ ವರ್ಷಾನೂ ನಂಗೆ ಅದು ಕೇಳಿರ್ಲಿಲ್ಲ," ಅಂದಳು ನೋಲೀನ್. ಉಳಿದ ಪಟ್ಟಿಯನ್ನು ಕೊನೆಯವರೆಗೂ ಓದಿದಳು. ನೂರ ಹದಿನೇಳು. ಆಮೇಲೆ ಗಿಳಿಯನ್ನು ಎತ್ತಿಕೊಂಡು ಹೋಗಿ ಮರ್ವಿನ್‌ನ ಮುಂದಿಟ್ಟಳು.

ಆ ಶೆಡ್ಡಿನಲ್ಲಿ ಅವಳ ಗಂಡ ಅನ್ನಿಸಿಕೊಂಡು ಕೂತಿದ್ದೆನಲ್ಲ, ಅಷ್ಟು ಹೆಮ್ಮೆ ಹದಿನಾಲ್ಕು ಗೆಲುವುಗಳನ್ನು ಒಟ್ಟು ಸೇರಿಸಿದರೂ ನನಗೆ ಆಗಿರಲಿಲ್ಲ.

ಮರ್ವಿನ್ ನಗಲಿಲ್ಲ. ಗಿಳಿಯನ್ನು ಅತ್ತ ಇತ್ತ ತಿರುಗಿಸಿದ. ನಾವು ಕಾರು ಹತ್ತುವಾಗ ಹಿಂದೆಯೇ ಬಂದ, ಕೈಯಲ್ಲಿ ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು.

"ನೋಲೀನ್, ನಂದೊಂದು ಜಾಗ ಇದೆ," ಅಂದ. "ಅಲ್ಲಿ ಹುಲ್ಲುಗುಬ್ಬಿ ಪೊದೆಯಿಂದ ಈಚೆಗೇ ಬರತ್ತೆ, ಕಣ್ಣಾರೆ ಕಾಣತ್ತೆ. ಹೇಳ್ಲಾ ಎಲ್ಲಿ ಅಂತ?"

ಹಕ್ಕಿ ನೋಡುವವರಿಗೆ ಮಾತ್ರ ಗೊತ್ತು ಇದು ಎಂಥ ಮಾತು ಎಂದು. ತನ್ನ ಗುಟ್ಟಿನ ಜಾಗವನ್ನು ಎದುರಾಳಿಗೆ ಹೇಳುವುದೆಂದರೆ ಮನೆಯ ಬೀಗದ ಕೈ ಕೊಟ್ಟಂತೆ. ಇಪ್ಪತ್ತು ವರ್ಷದಲ್ಲಿ ಅವನು ಹೆಂಡತಿಗೂ ಹೇಳಿರಲಿಕ್ಕಿಲ್ಲ.

"ಬೇಡ ಮರ್ವಿನ್," ಅಂದಳು ನೋಲೀನ್. "ನಾನೇ ಹುಡುಕ್ತೀನಿ. ಮುಂದಿನ್ ವರ್ಷ ಗಿಳಿ ಒರೆಸಿಟ್ಟಿರು."

"ಕೊಬ್ಬು ನೋಡು," ಅಂದು ಅವನು ಸಾಸೇಜನ್ನು ಅವಳ ಕೈಗಿಟ್ಟು ಹೋದ.

ಟ್ರಿಶ್‌ಳನ್ನು ಮನೆಗೆ ಬಿಟ್ಟ ಮೇಲೆ ನೋಲೀನ್ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಅತ್ತಳೇನೋ. ನಾನು ರಸ್ತೆ ನೋಡಿದೆ.

"ಕ್ಲೆಮ್, ದನಿ ಕೇಳ್ದೆ ಅದನ್ನ ಹೆಂಗೆ ಹುಡುಕ್ತೀಯ ನೀನು?"

"ಒಂದು ಪೊದೆ ಆರಿಸ್ಕೊಂಡು ಅದರ ಬುಡ ನೋಡ್ತಾ ಕೂರೋದು. ಎರಡು ಗಂಟೆ, ಮೂರು ಗಂಟೆ. ಬಾಯ್ ಮುಚ್ಕೊಂಡು. ನಿನ್ ಕೈಲಿ ಆಗಲ್ಲ ಬಿಡು."

ಅವಳು ಸಾಸೇಜನ್ನು ಎರಡು ತುಂಡು ಮಾಡಿ ದೊಡ್ಡದನ್ನು ತಾನಿಟ್ಟುಕೊಂಡಳು.

"ನಾಳೆ ಎಷ್ಟೊತ್ತಿಗೆ ಹೊರಡೋಣ?" ಅಂದಳು.