ಸುರಕ್ಷಾಳ ಓಟು ಎಲ್ಲಿಗೆ ಹೋಯಿತು

ನನ್ನ ಗಂಡ ಚನಿಯಪ್ಪ ಪಂಚಾಯತ್ ಚುನಾವಣೆಗೆ ಮೂರು ಸಲ ನಿಂತರು, ಮೂರು ಸಲವೂ ಮಣ್ಣು ಮುಕ್ಕಿದರು. ಕೆಂಪು ಬಾವುಟದವರಿಗೆ ನಮ್ಮ ಕಲ್ಲುಗುಂಡಿಯಲ್ಲಿ ಚಹಾ ಸಿಗುತ್ತದೆ, ಓಟು ಸಿಗುವುದಿಲ್ಲ. ಸೋತದ್ದು ಅವರಿಗೆ ಅಷ್ಟು ನೋಯಲಿಲ್ಲ. ನೋಯಿಸಿದ್ದು ನಮ್ಮ ಹೋಟೆಲಿಗೇ ಬಂದು ಜನ ಹೇಳುತ್ತಿದ್ದ ಮಾತು.

“ಚನಿಯಪ್ಪಣ್ಣ ಒಳ್ಳೆ ಜನ. ಆದ್ರೆ ಓಟು ಹಾಕಿದ್ರೆ ದಂಡ ಅಲ್ವಾ ಮಾರಾಯ್ರೆ?”

ಹೀಗೆ ಹೇಳುವವರಲ್ಲಿ ಮೊದಲಿಗರು ಅಡಿಕೆ ತೋಟದ ಕೃಷ್ಣಮೋಹನ ಭಟ್ಟರು. ದಿನಾ ಸಂಜೆ ಬಂದು, ಸಕ್ಕರೆ ಕಮ್ಮಿ ಚಹಾ ಕುಡಿದು, ನಾನು ಮಾಡಿದ ಬನ್ಸ್ ತಿಂದು, ಬಾಯಿ ಒರೆಸಿಕೊಳ್ಳುತ್ತಾ ಹೇಳುತ್ತಿದ್ದರು.

ಮಗಳು ಸುರಕ್ಷಾ ನರ್ಸ್ ಆಗಿ ಐರ್ಲೆಂಡಿಗೆ ಹೋದಾಗ, ಸದ್ಯ, ಈ ರಾಜಕೀಯದ ಹುಚ್ಚು ಅಪ್ಪನೊಂದಿಗೇ ಮುಗಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಎಲ್ಲಿಯ ಮುಗಿಯುವುದು! ಅವಳು ಹೋದ ಹೊಸತರಲ್ಲೇ ಅಲ್ಲಿಯ ಸರ್ಕಾರ ಕುಡಿಯುವ ನೀರಿಗೆ ಮೀಟರ್ ಹಾಕಲು ಹೊರಟಿತು. ಬೀದಿಯವರೆಲ್ಲ ಪೈಪಿನ ಗುಂಡಿಯ ಮೇಲೆ ಕುರ್ಚಿ ಹಾಕಿ ಕೂತರಂತೆ, ಡ್ಯೂಟಿ ಮುಗಿಸಿ ಬಂದ ಇವಳೂ ಪಕ್ಕದಲ್ಲಿ ಕೂತಳು. ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು. ಅದು ಅವಳಿಗೆ ರುಚಿ ಹತ್ತಿಸಿಬಿಟ್ಟಿತು. ಹೆಂಗಸಿನ ಬಸಿರಿನ ತೀರ್ಮಾನ ಹೆಂಗಸಿನದ್ದೇ ಆಗಬೇಕೆಂದು ಜನಮತಗಣನೆ ನಡೆದಾಗ ಮನೆಮನೆ ಸುತ್ತಿದಳು. ನರ್ಸುಗಳ ಮುಷ್ಕರದಲ್ಲಿ ಚಳಿಗೆ ಮೂಗು ಕೆಂಪಾಗಿ ಬೋರ್ಡು ಹಿಡಿದ ಅವಳ ಫೋಟೋವನ್ನು ನಮ್ಮ ಇವರು ದೊಡ್ಡದು ಮಾಡಿಸಿ ಗಲ್ಲಾದ ಹಿಂದೆ ತೂಗುಹಾಕಿದರು. ಆಮೇಲೆ ಬಾಡಿಗೆದಾರರ ಸಂಘ. ಮನೆ ಖಾಲಿ ಮಾಡಿಸಲು ಯಾರಾದರೂ ಬಂದರೆ ಸಂಘದವರೆಲ್ಲ ಹೋಗಿ ಹೊಸ್ತಿಲಲ್ಲಿ ನಿಲ್ಲುವುದು. ಅಲ್ಲಿ ವಾಸವಿದ್ದರೆ ಸಾಕು, ಹೊರದೇಶದವರೂ ಊರಿನ ಕೌನ್ಸಿಲಿಗೆ ಸ್ಪರ್ಧಿಸಬಹುದಂತೆ. ೨೦೨೪ರ ಜೂನಿನಲ್ಲಿ ಸಂಘದವರ ಪರವಾಗಿ ನಿಂತೇಬಿಟ್ಟಳು.

ಇವರು ಸುಳ್ಯಕ್ಕೆ ಹೋಗಿ ಎರಡು ಗರ್ನಾಲ್ ತಂದಿಟ್ಟರು. ಒಂದು ಹೊಡೆದರೆ ಗುಡ್ಡದಾಚೆಯವರಿಗೂ ಕೇಳಬೇಕು, ಅಂಥ ಪಟಾಕಿ.

“ಸೋತ್ರೆ ಸೋಲಲಿ ಸೇವಂತಿ,” ಎಂದರು ನನಗೆ. “ಆದ್ರೆ ಅವಳಿಗೆ ಹಾಕಿದ ಓಟು ದಂಡ ಅಂತ ಯಾರೂ ಹೇಳಬಾರ್ದು.”

ಎಣಿಕೆಯ ಸಂಜೆ ಬಿಸ್ಕತ್ತಿನ ಭರಣಿಗೆ ಫೋನ್ ಒರಗಿಸಿ ಕೂತೆವು. ಭಟ್ಟರೂ ಬಂದಿದ್ದರು. ವಿಡಿಯೋ ಬಂತು. ದೊಡ್ಡ ಹಾಲ್, ಕಿವಿ ಕಿತ್ತುಹೋಗುವ ಗದ್ದಲ, ನಡುವೆ ಸುರಕ್ಷಾ ಕುಣಿಯುತ್ತಿದ್ದಾಳೆ, ಅಳುತ್ತಿದ್ದಾಳೆ, ಯಾರನ್ನೋ ತಬ್ಬಿಕೊಳ್ಳುತ್ತಿದ್ದಾಳೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಇವರು ಕಾಯುವ ಜನವೇ? ರಸ್ತೆಬದಿಗೆ ಓಡಿ ಒಂದು ಗರ್ನಾಲ್ ಹೊಡೆದೇಬಿಟ್ಟರು. ಮಡಿಕೇರಿ ಬಸ್ಸಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಕಿಟಕಿಗೆ ಬಂದರು.

ಫೋನ್ ಮತ್ತೆ ಬಂತು. “ನಾನು ಸೋತೆ ಅಪ್ಪ,” ಎಂದಳು ಮಗಳು, ನಗುತ್ತಲೇ.

ಇವರು ಕಡ್ಡಿಪೆಟ್ಟಿಗೆ ಹಿಡಿದೇ ಬೆಂಚಿನ ಮೇಲೆ ಕುಸಿದರು. ಭಟ್ಟರು ಬಿಡುತ್ತಾರೆಯೇ? “ಸೋತದ್ದಕ್ಕೆ ಗರ್ನಾಲ್ ಹೊಡೆದವರು ತಾಲೂಕಿನಲ್ಲಿ ನೀವೊಬ್ರೇ ಮಾರಾಯ್ರೆ!”

“ಪೂರ್ತಿ ಕೇಳಿ ಮಾವ,” ಎಂದಳು ಸುರಕ್ಷಾ. “ಇಲ್ಲಿ ಚೀಟಿಯಲ್ಲಿ ಹೆಸರುಗಳ ಎದುರು ಒಂದು, ಎರಡು, ಮೂರು ಅಂತ ಬರೆಯುದು. ಒಂದನೇಯವರು ಸೋತು ಹೊರಗೆ ಬಂದ್ರೆ ಆ ಓಟು ಎರಡನೇಯವರಿಗೆ ಹೋಗ್ತದೆ. ನನ್ನದು ಹೆಚ್ಚಿನದೆಲ್ಲ ನಮ್ಮ ಸಂಘದಿಂದಲೇ ನಿಂತ ಈ ಬಸ್ ಡ್ರೈವರಿಗೆ ಹೋಯ್ತು. ಅದರಿಂದಲೇ ಇವರು ಗೆದ್ದದ್ದು.”

ಬಿಳಿ ಗಡ್ಡದ ಮನುಷ್ಯನೊಬ್ಬ ಫೋನಿನೊಳಗೆ ಮುಖ ತೂರಿಸಿ ಏನೋ ಹೇಳಿ ಎದೆಯ ಮೇಲೆ ಕೈಯಿಟ್ಟುಕೊಂಡ.

“ಎಂತ ಹೇಳಿದ್ದು?” ಇವರು ಕೇಳಿದರು.

“ನಿಮ್ಮ ಮಗಳು ಇಲ್ಲದಿದ್ರೆ ನಾನಿಲ್ಲ ಅಂತ.”

“ಹಾಗಾದ್ರೆ ನಿನ್ನ ಓಟು ದಂಡ ಆಗ್ಲಿಲ್ಲ?”

“ಇಲ್ಲ ಅಪ್ಪ.”

ಇವರು ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಬಾಣಲೆಯ ಬನ್ಸ್ ಕರಕಲಾದದ್ದೂ ತಿಳಿಯಲಿಲ್ಲ.

ಭಟ್ಟರು ಚಹಾದ ಲೋಟ ಬದಿಗೆ ಸರಿಸಿದರು. ಮೆಲ್ಲನೆ ಹೇಳಿದರು, “ನಮ್ಮಲ್ಲಿಯೂ ಹಾಗೆ ಇದ್ದಿದ್ರೆ, ಮೂರು ಸಲವೂ ನನ್ನ ಎರಡನೇ ಓಟು ನಿಮಗೇ ಚನಿಯಪ್ಪ.”

“ಒಂದನೇದು ಕೊಡುದಿಲ್ಲ ಅಲ್ವಾ?” ಎಂದು ಇವರು ನಕ್ಕರು.

“ಇನ್ನೊಂದು ಗರ್ನಾಲ್ ಉಂಟಲ್ಲ? ಇಲ್ಲಿ ಕೊಡಿ.”

ಭಟ್ಟರೇ ಪಂಚೆ ಎತ್ತಿಕಟ್ಟಿ ರಸ್ತೆಬದಿಯಲ್ಲಿ ಕೂತು ಕಡ್ಡಿ ಗೀರಿದರು. ಆಗತಾನೇ ಬಂದು ನಿಂತ ಬಸ್ಸಿನ ಕಂಡಕ್ಟರ್ ಬೆಚ್ಚಿಬಿದ್ದು ಕೂಗಿದ, “ಯಾರು ಗೆದ್ದದ್ದು?”

“ನಮ್ಮ ಮಗಳು ಗೆಲ್ಲಿಸಿದ್ದು,” ಎಂದೆ ನಾನು.